ಹುಬ್ಬಳ್ಳ್ಯಾಗ ತಗೊಂಡ "ಲ್ಯಾಬ್ ಟೆಸ್ಟೆಡ್" ಮಲೇರಿಯಾ ಕಷಾಯ ಪುಡಿ: 5ಕ್ಕ 2 ಸ್ಟಾರ್

ದುರ್ಗದಬೈಲ್ ಕಡೆ ಒಂದ್ ಆಯುರ್ವೇದಿಕ್ ಅಂಗಡ್ಯಾಗ ತಗೊಂಡಿದ್ದು, 200 ಗ್ರಾಂ ಪಾಕೀಟು, 180 ರೂಪಾಯಿ. ಮಳಿಗಾಲ ಹಿಡೀತಂದ್ರ ಇದನ್ನ ಕೌಂಟರ್ ಮ್ಯಾಲನ ಇಡ್ತಾರ. ಕಂಪನಿ ಹೆಸರು ನಾ ಇಲ್ಲಿ ಬರ್ಯಂಗಿಲ್ಲ, ಯಾಕಂದ್ರ ಹಿಂಗ ಮಾರೋರು ಅವ್ರೊಬ್ಬರ ಅಲ್ಲ, ಧಾರವಾಡ ಗದಗ ಹಾವೇರಿ ಎಲ್ಲಾ ಕಡೆ ಬ್ಯಾರೆ ಬ್ಯಾರೆ ಹೆಸರಿಲೆ ಇಂಥವು ಅದಾವ, ಹಂಗಾಗಿ ಒಂದು ಪಾಕೀಟಿನ ರಿವ್ಯೂ ಓದಿದ್ರ ಉಳಿದವು ತಗೊಳ್ಳೋಮುಂದನೂ ಏನ್ ಕೇಳಬೇಕು ಅನ್ನೋದು ಗೊತ್ತಾಗ್ತೈತಿ.

ಮೊದ್ಲು ಚೊಲೋ ಇದ್ದದ್ದು ಹೇಳ್ತೇನಿ. ಪ್ಯಾಕಿಂಗ್ ಗಟ್ಟಿ ಐತಿ, ಒಳಗ ಇನ್ನೊಂದು ಪ್ಲಾಸ್ಟಿಕ್ ಕವರ್, ಪುಡಿ ಒಣಗಿದ್ದ ಐತಿ, ಬೂಷ್ಟು ವಾಸನಿ ಇಲ್ಲ. ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಾರೀಖು ಎಲ್ಲಾ ಹಾಕ್ಯಾರ, ಇದನ್ನೂ ಹಾಕದ ಮಾರೋರು ಭಾಳ ಮಂದಿ ಇದ್ದಾರ. ಒಳಗ ಏನೇನು ಐತಿ ಅಂತನೂ ಬರದಾರ: ನೆಲಬೇವು, ಅಮೃತಬಳ್ಳಿ, ಬೇವಿನ ತೊಗಟಿ, ಗಜ್ಜುಗದ ಬೀಜ, ಮದ್ದಾಲೆ ತೊಗಟಿ, ಶುಂಠಿ. ಒಂದು ಚಮಚಾ ಎರಡು ಲೋಟ ನೀರಿಗೆ ಹಾಕಿ ಅರ್ಧಕ್ಕ ಇಳಿಯೋತನ ಕುದಿಸಿದೆ, ಬಣ್ಣ ದಟ್ಟ ಕಂದು, ಮ್ಯಾಲ ಸಣ್ಣ ನೊರಿ, ಬಾಯಾಗ ಹಾಕ್ಕೊಂಡ್ರ ನೆಲಬೇವಿನ ಕಹಿ ನಾಲಿಗಿ ಹಿಂದ ಹೋಗಿ ಕುಂತು ಅರ್ಧ ತಾಸು ಬಿಡಂಗಿಲ್ಲ. ಅಂದ್ರ ಬರದದ್ದನ್ನ ಹಾಕ್ಯಾರ ಅಂತ ನನಗ ಅನಿಸ್ತು. ಎರಡು ಸ್ಟಾರ್ ಇದಕ್ಕ.

ಇನ್ನು ತಕರಾರು. ಪಾಕೀಟಿನ ಮುಂದ ದಪ್ಪ ಅಕ್ಷರದಾಗ "ಮಲೇರಿಯಾಕ್ಕೆ ರಾಮಬಾಣ, 100% ಸೇಫ್, ಸೈಡ್ ಎಫೆಕ್ಟ್ ಇಲ್ಲ, ಲ್ಯಾಬ್ ಟೆಸ್ಟೆಡ್" ಅಂತ ಐತಿ. ನಾನು ಎಂ.ಫಾರ್ಮ್ (ಔಷಧ ಶಾಸ್ತ್ರ) ಓದುವಾಗ ಪ್ರಾಜೆಕ್ಟ್ ಮಾಡಿದ್ದೇ ಗಿಡದ ಎಕ್ಸ್‌ಟ್ರ್ಯಾಕ್ಟ್ (ಗಿಡದಿಂದ ತಗದ ಸಾರ) ಮ್ಯಾಲ, ಹಂಗಾಗಿ ಪಾಕೀಟಿನ ಹಿಂದಿನ ಕಸ್ಟಮರ್ ಕೇರ್ ನಂಬರಿಗೆ ಫೋನ್ ಹಚ್ಚಿ ರಿಪೋರ್ಟ್ ಕಳಸ್ರಿ ಅಂದೆ. ಮರ್ಯಾದಿಯಿಂದ ಮಾತಾಡಿದ್ರು, ವಾಟ್ಸಾಪಿಗೆ ಪಿಡಿಎಫ್ ಕಳಿಸಿದ್ರು, ಅದು ಮೆಚ್ಚೋ ಮಾತು. ಆದ್ರ ರಿಪೋರ್ಟಿನ್ಯಾಗ ಇದ್ದದ್ದು ಏನಪಾ ಅಂದ್ರ ತೇವಾಂಶ ಎಷ್ಟು, ಬೂದಿ ಎಷ್ಟು, ಬ್ಯಾಕ್ಟೀರಿಯಾ ಬೂಷ್ಟು ಎಷ್ಟು, ಸೀಸ ಪಾದರಸ ಆರ್ಸೆನಿಕ್ ಕ್ಯಾಡ್ಮಿಯಂ ಎಷ್ಟು, ಅಷ್ಟ. ಸೀಸ 10 ಪಿಪಿಎಂ (ಹತ್ತು ಲಕ್ಷ ಭಾಗದಾಗ 10 ಭಾಗ), ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3, ಈ ಲಿಮಿಟ್ ಒಳಗ ಎಲ್ಲಾ ಇತ್ತು, ಇದು ಬೇಕಾದ ಟೆಸ್ಟ ಮತ್ತ. ಆದ್ರ ಮಲೇರಿಯಾದ ಹುಳದ (ಅಂದ್ರ ರೋಗ ತರೋ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ) ಮ್ಯಾಲ ಈ ಪುಡಿ ಕೆಲಸಾ ಮಾಡ್ತೈತೋ ಇಲ್ಲೋ ಅನ್ನೋದಕ್ಕ ಒಂದು ಸಾಲೂ ಇಲ್ಲ, ತಿಂಗಳಗಟ್ಲೆ ಕುಡದ್ರ ಲಿವರ್ ಕಿಡ್ನಿಗೆ ಏನಾಗ್ತೈತಿ ಅನ್ನೋದಕ್ಕೂ ಇಲ್ಲ. ಪುಡಿ ಸ್ವಚ್ಛ ಐತಿ ಅನ್ನೋ ರಿಪೋರ್ಟು ಅದು, ಅದನ್ನ ಹಿಡಕೊಂಡು ರೋಗ ವಾಸಿ ಆಗ್ತೈತಿ ಅಂತ ಮುಂದ ಪ್ರಿಂಟ್ ಹಾಕಿದ್ದು ಸರಿ ಅಲ್ಲ.

ಗಿಡದ ಔಷಧನ ಮಲೇರಿಯಾಕ್ಕ ಟೆಸ್ಟ್ ಮಾಡೋದು ಅಂದ್ರ ಹೆಂಗ ಅಂತ ಹೇಳ್ತೇನಿ ಕೇಳ್ರಿ. ಫಾಲ್ಸಿಪ್ಯಾರಮ್ ಅನ್ನೋ ಭಾಳ ಅಪಾಯದ ಜಾತಿ ಮಲೇರಿಯಾ ಹುಳನ ಮನಷ್ಯಾನ ಕೆಂಪು ರಕ್ತ ಕಣದಾಗ ಲ್ಯಾಬಿನ್ಯಾಗ ಬೆಳಸ್ತಾರ (1976ರಾಗ ಟ್ರೇಗರ್ ಮತ್ತ ಜೆನ್ಸನ್ ಇದನ್ನ ಸಾಧಿಸಿ ತೋರಿಸಿದ್ರು), 96 ಸಣ್ಣ ಗುಂಡಿ ಇರೋ ಪ್ಲೇಟಿನ್ಯಾಗ ಹಾಕಿ ಎಕ್ಸ್‌ಟ್ರ್ಯಾಕ್ಟ್‌ನ ಹೆಚ್ಚಿಂದ ಕಡಿಮಿಗೆ ಇಳಸ್ಕೋತ ಹಾಕ್ತಾರ, ಹುಳದ ಬೆಳವಣಿಗಿ ಅರ್ಧಕ್ಕ ಇಳಿಯಾಕ ಎಷ್ಟು ಬೇಕು ಅಂತ ಲೆಕ್ಕಾ ಹಾಕ್ತಾರ. ಅದರ ಜೋಡಿನ ಅದ ಎಕ್ಸ್‌ಟ್ರ್ಯಾಕ್ಟ್ ಮಾಮೂಲಿ ಜೀವಕೋಶದ ಮ್ಯಾಲ ಹಾಕಿ ಅವು ಎಷ್ಟಕ್ಕ ಸಾಯ್ತಾವ ಅಂತ ನೋಡ್ತಾರ. ಎರಡರ ನಡುವ ಅಂತರ ದೊಡ್ಡದಿರಬೇಕು, ಹುಳ ಸಾಯೋ ಡೋಸಿನ್ಯಾಗ ನಮ್ಮ ಕೋಶನೂ ಸತ್ರ ಅದು ಔಷಧ ಅಲ್ಲ, ವಿಷ. ಇದಾದ ಮ್ಯಾಲ ಇಲಿಗೆ ಬರ್ಘೈ ಅನ್ನೋ ಇಲಿ ಮಲೇರಿಯಾ ಕೊಟ್ಟು 4 ದಿವ್ಸದ ಟೆಸ್ಟ್, ಆಮ್ಯಾಲ ಟಾಕ್ಸಿಸಿಟಿ (ವಿಷ ಆಗ್ತೈತೋ ಅನ್ನೋ ಪರೀಕ್ಷೆ), ಅದೂ ದಾಟಿದ್ರ ಮನಷ್ಯಾರ ಮ್ಯಾಲ ಟ್ರಯಲ್. ಹೆಚ್ಚಿನವು ನಡುವನ ಬಿದ್ದುಹೋಗ್ತಾವ. ಬೇವಿನ್ಯಾಗ ಗೆಡುನಿನ್ ಅಂತ ಒಂದ್ ಅಂಶ ಐತಿ, ಪ್ಲೇಟಿನ್ಯಾಗ ಭಾಳ ಚೊಲೋ ಕೆಲಸಾ ಮಾಡ್ತೈತಿ, ಇಲಿ ಹೊಟ್ಟಿಗೆ ಹೋದ್ರ ಆ ಜೋರು ಉಳಿಯಂಗಿಲ್ಲ.

ಗಿಡದಾಗ ಔಷಧ ಇಲ್ಲ ಅಂತ ನಾ ಹೇಳಾಕತ್ತಿಲ್ಲ, ಮಲೇರಿಯಾದ ಎರಡು ದೊಡ್ಡ ಔಷಧ ಗಿಡದಿಂದನ ಬಂದಾವ. ಸಿಂಕೋನಾ ತೊಗಟಿಯಿಂದ 1820ರಾಗ ಕ್ವಿನೈನ್ ಬೇರ್ಪಡಿಸಿದ್ರು. ಎರಡನೇದು ಆರ್ಟಿಮಿಸಿನಿನ್, ಅದನ್ನ ಕಂಡುಹಿಡದ ಚೀನಾದ ವಿಜ್ಞಾನಿ ತು ಯುಯು ಅವ್ರದ್ದು ಇನ್ನೂ ಓದಬೇಕಾದ ಕಥಿ, ಆರ್ಟಿಮಿಸಿಯಾ ಆನುವಾ ಅನ್ನೋ ಗಿಡದ ಎಕ್ಸ್‌ಟ್ರ್ಯಾಕ್ಟ್ ಒಮ್ಮೆ ಕೆಲಸಾ ಮಾಡೋದು ಒಮ್ಮೆ ಮಾಡ್ದೇ ಇರೋದು ಆಗಾಕತ್ತಿತ್ತು, ಆಗ ಹಳೇ ವೈದ್ಯ ಗ್ರಂಥದಾಗ ಆ ಸೊಪ್ಪನ್ನ ಬರೇ ನೀರಾಗ ನೆನಸಿ ಹಿಂಡಿ ರಸಾ ಕುಡೀರಿ ಅಂತ ಬರದದ್ದು ನೋಡಿ, ಕುದಿಸೋದ್ರಿಂದನ ಅದು ಹಾಳಾಗಾಕತ್ತೈತಿ ಅಂತ ಹೊಳದು ಈಥರ್ ಅನ್ನೋ ದ್ರಾವಕ ಹಾಕಿ ಕಡಿಮಿ ಶಾಖದಾಗ ತಗದ್ರು. 1971ರ ಅಕ್ಟೋಬರ್‌ದಾಗ 191ನೇ ಸ್ಯಾಂಪಲ್ ಇಲಿ ಮಲೇರಿಯಾನ ಪೂರ್ತಿ ತಗದು ಹಾಕ್ತು. ಮತ್ತ ರೋಗಿಗಳಿಗೆ ಕೊಡೋಕಿಂತ ಮೊದ್ಲು ಅವ್ರು, ಅವ್ರ ಜೋಡಿ ಕೆಲಸಾ ಮಾಡೋರು ತಾವ ಕುಡದು ಸೇಫ್ ಐತೋ ಇಲ್ಲೋ ನೋಡಿದ್ರು! 2015ರಾಗ ನೊಬೆಲ್ ಬಂತು. ನೂರಾರು ಗಿಡಾ ಸೋಸಿ ಸಿಕ್ಕದ್ದು ಅದು. ಈಗ ಈ ಪಾಕೀಟಿನವ್ರನ್ನ ನೀವು ಯಾಕ್ರಿ ಅರ್ಧಕ್ಕ ಇಳಿಯೋತನ ಕುದಸ್ರಿ ಅಂತೀರಿ ಅಂತ ಕೇಳಿದ್ರ "ಪದ್ಧತಿ ಹಂಗ ಐತ್ರಿ" ಅಂದ್ರು, ಅಷ್ಟ.

ನಮ್ಮ ದೇಶದಾಗೂ ಆಯುರ್ವೇದದವ್ರು ಇದನ್ನ ಸರಿಯಾದ ದಾರ್ಯಾಗ ಮಾಡ್ಯಾರ. ಆಯುಷ್-64 ಅಂತ ಗುಳಗಿ, ಸರ್ಕಾರದ ಆಯುರ್ವೇದ ಸಂಶೋಧನಾ ಮಂಡಳಿ ಮಲೇರಿಯಾ ಸಂಬಂಧನ ತಯಾರು ಮಾಡಿದ್ದು (ಕೋವಿಡ್ ಟೈಮಿನ್ಯಾಗ ಮತ್ತ ಹೆಸರು ಕೇಳಿರ್ತೀರಿ), ಅದರಾಗೂ ಈ ಪುಡ್ಯಾಗ ಇರೋ ಮದ್ದಾಲೆ ತೊಗಟಿ, ಗಜ್ಜುಗ ಅದಾವ. ವೈವ್ಯಾಕ್ಸ್ ಅನ್ನೋ ಇನ್ನೊಂದು ಜಾತಿ ಮಲೇರಿಯಾ ಇದ್ದವ್ರಿಗೆ ಅದನ್ನ ಕೊಟ್ಟು ಕ್ಲೋರೋಕ್ವಿನ್ ಅನ್ನೋ ಮಲೇರಿಯಾ ಗುಳಗಿ ಜೋಡಿ ಹೋಲಿಸಿ ನೋಡಿದ್ರು, 2000ದಾಗ ಛಾಪಾ ಆತು: ಕ್ಲೋರೋಕ್ವಿನ್ ತಗೊಂಡೋರೆಲ್ಲಾ ಗುಣ ಆದ್ರು, ಆಯುಷ್-64 ತಗೊಂಡೋರೊಳಗ ಅರ್ಧದಷ್ಟು ಮಂದಿ. ಅಂದ್ರ ಈ ಗಿಡದಾಗ ಏನೋ ಐತಿ ಆದ್ರ ಸಾಲಂಗಿಲ್ಲ ಅಂತ ಟೆಸ್ಟ್ ಮಾಡಿದವ್ರ ಹೇಳ್ಯಾರ, ಪಾಕೀಟಿನವ್ರು ಟೆಸ್ಟ್ ಮಾಡದ ರಾಮಬಾಣ ಅಂತಾರ.

"100% ಸೇಫ್" ಬಗ್ಗೆನೂ ಒಂದು ಮಾತು. 2021ರಾಗ ಮುಂಬೈ ಡಾಕ್ಟರ್‌ಗಳು ಅಮೃತಬಳ್ಳಿ ತಗೊಂಡವ್ರೊಳಗ ಕೆಲವ್ರಿಗೆ ಲಿವರ್ ಕೆಟ್ಟದ್ದನ್ನ ವರದಿ ಮಾಡಿದ್ರು, ಆಯುಷ್ ಇಲಾಖೆ ಅದನ್ನ ಒಪ್ಪಲಿಲ್ಲ, ಗಿಡನ ಸರಿಯಾಗಿ ಗುರ್ತಿಸಿಲ್ಲ, ಅದರಂಗ ಕಾಣೋ ಬ್ಯಾರೆ ಜಾತಿ ಬಳ್ಳಿ ಇರಬಹುದು ಅಂತು. ಸರಿ, ಹಂಗಾದ್ರ ಈ ಪಾಕೀಟಿನ್ಯಾಗ ಯಾವ ಬಳ್ಳಿ ಐತಿ, ಯಾರು ಗುರ್ತಿಸಿದ್ರು? ಪುಡಿ ಆದ ಮ್ಯಾಲ ಕಣ್ಣಿಲೆ ಗೊತ್ತಾಗಂಗಿಲ್ಲ. "ಕಪ್ಪತಗುಡ್ಡದ ಅಸಲಿ ಮೂಲಿಕೆ" ಅಂತನೂ ಬರದಾರ, ಗದಗ ಜಿಲ್ಲೆದಾಗಿನ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ ಐತಿ, ಅಲ್ಲಿಂದ ಚೀಲಗಟ್ಲೆ ಬಳ್ಳಿ ಬೇರು ಹೆಂಗ ತಂದ್ರು ಅಂತ ಕೇಳಿದೆ, ಉತ್ತರ ಬರ್ಲಿಲ್ಲ. ಬಸುರಿ ಹೆಣ್ಮಕ್ಕಳು, ಸಣ್ಣ ಮಕ್ಕಳು, ಸಕ್ಕರಿ ಗುಳಗಿ ತಗೊಳ್ಳೋರು ಕುಡೀಬೇಕೋ ಬ್ಯಾಡೋ ಅನ್ನೋದಂತೂ ಎಲ್ಲೂ ಇಲ್ಲ.

ನನಗ ಖರೇನ ಸಂಕಟ ಆಗೋದು ಇದನ್ನ ಯಾರು ತಗೊಳ್ಳಾಕತ್ತಾರ ಅಂತ ನೋಡಿ. ನಾ ಅಂಗಡ್ಯಾಗ ನಿಂತಾಗ ಹಾವೇರಿ ಕಡಿಯವ್ರು ಒಬ್ಬ ಅವ್ವಾರು ಎರಡು ಪಾಕೀಟು ಕಟ್ಟಿಸ್ಕೊಂಡ್ರು, ಮಗಾ ಮಂಗ್ಳೂರಾಗ ಬಿಲ್ಡಿಂಗ್ ಕೆಲಸಕ್ಕ ಹೋಗ್ಯಾನಂತ, ಅಲ್ಲಿ ಚಳಿಜ್ವರಾ ಬಂದಿತ್ತಂತ, ಗುಳಗಿ ಬಿಟ್ಟು ಇದನ್ನ ಕುಡದ ಮ್ಯಾಲ ಮರುದಿವ್ಸ ಜ್ವರಾ ಇಳೀತಂತ. ಯವ್ವಾ, ವೈವ್ಯಾಕ್ಸ್ ಜ್ವರಾ ದಿನಾ ಬಿಟ್ಟು ದಿನಾ ಬರೋದು, ನಡುವಿನ ದಿವ್ಸ ನೀರು ಕುಡದ್ರೂ ಇಳದಿರ್ತೈತಿ ಅಂತ ಅವ್ರಿಗೆ ಕೂತು ಹೇಳಿದೆ. ಆ ಹುಳ ಲಿವರಿನ್ಯಾಗ ಅಡಗಿ ಕುಂತು ತಿಂಗಳ ಮ್ಯಾಲೆ ಮತ್ತ ಎದ್ದು ಬರ್ತೈತಿ, ಅದನ್ನ ತಗಿಯಾಕ ಪ್ರೈಮಾಕ್ವಿನ್ 14 ದಿವ್ಸ ನುಂಗಬೇಕು, ಅದೂ ಡಾಕ್ಟರ್ ಹೇಳಿದಂಗ, ಯಾಕಂದ್ರ ಜಿ6ಪಿಡಿ ಅನ್ನೋ ರಕ್ತದಾಗಿನ ಕಿಣ್ವ ಕಡಿಮಿ ಇದ್ದವ್ರಿಗೆ ಅದು ಕೆಂಪು ರಕ್ತ ಕಣ ಒಡೀತೈತಿ, ಬಸುರ್ಯಾರಿಗೆ ಕೊಡಂಗಿಲ್ಲ. ಫಾಲ್ಸಿಪ್ಯಾರಮ್ ಆಗಿದ್ರಂತೂ ಕಷಾಯ ಕುಡಕೋತ ಕುಂದ್ರಾಕ ಟೈಮ ಇಲ್ಲ, 24 ತಾಸಿನ್ಯಾಗ ಕೈ ಮೀರಬಹುದು. ಅವ್ವಾರು ಒಂದು ಪಾಕೀಟು ವಾಪಸ್ ಕೊಟ್ಟು ಮಗಗ ಅಲ್ಲೇ ಫೋನ್ ಹಚ್ಚಿದ್ರು.

ಚಳಿ ಹತ್ತಿ ಜ್ವರಾ ಬಂತಂದ್ರ ಮೊದ್ಲು ರಕ್ತ ಟೆಸ್ಟ್ ಮಾಡಸ್ರಿ, ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಟೆಸ್ಟೂ ಫ್ರೀ ಗುಳಗಿನೂ ಫ್ರೀ, ಆಶಾ ಕಾರ್ಯಕರ್ತೆಯರಿಗೆ ಹೇಳಿದ್ರೂ ಆಗ್ತೈತಿ. ಕಹಿ ಕಷಾಯ ಕುಡಿಯೋ ಅಭ್ಯಾಸ ಇದ್ದವ್ರು ಡಾಕ್ಟರ್‌ನ ಕೇಳಿ ಈ ಪುಡಿ ಕುಡೀಲಿ, ನಾ ಬ್ಯಾಡ ಅನ್ನಂಗಿಲ್ಲ, ಮಲೇರಿಯಾ ಔಷಧ ಅಂತ ಮಾತ್ರ ತಗೋಬ್ಯಾಡ್ರಿ. ಕಂಪನಿಯವ್ರಿಗೂ ಇದನ್ನ ಬರದು ಕಳಿಸೇನಿ: ಮುಂದಿನ ಬ್ಯಾಚಿನ್ಯಾಗ ಆ ಮಲೇರಿಯಾ ಸಾಲು ತಗೀರಿ, ಇಲ್ಲಾಂದ್ರ ಹುಳದ ಮ್ಯಾಲ, ಲಿವರ್ ಮ್ಯಾಲ ಮಾಡಿಸಿದ ಟೆಸ್ಟ್ ತೋರಸ್ರಿ, ತೋರಿಸಿದ ದಿವ್ಸ ಸ್ಟಾರ್ ಏರಿಸ್ತೇನಿ.