10 ಕೋಟಿ ಕಳೆದುಕೊಂಡ ಹುಡುಗ, 700 ರೂಪಾಯಿಯ ಬಾಂಡ್

ಮೊದಲೇ ಹೇಳಿಬಿಡುತ್ತೇನೆ, ಇದು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನುವ ಆನ್‌ಲೈನ್ ಆಟದ ಬಾಂಡ್ ಬಗ್ಗೆ. ಬ್ಯಾಂಕು, ಬಡ್ಡಿ, ಟ್ಯಾಕ್ಸ್ ಉಳಿತಾಯ ಅಂತ ಬಂದವರು ಇಲ್ಲಿಂದಲೇ ವಾಪಸ್ ಹೋಗಬಹುದು. ನಾನು ಇದುವರೆಗೆ ಮೂರು ಬಾಂಡ್ ಕೊಂಡಿದ್ದೇನೆ. ಮೊದಲನೆಯದನ್ನು ಕೊಳ್ಳೋಕೆ ಕಾರಣ ನನ್ನ ಚಿಕ್ಕಮ್ಮನ ಮಗ, ಅವನು ಕಳೆದುಕೊಂಡ ಹತ್ತು ಕೋಟಿ.

ಹುಡುಗ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಹಾಸ್ಟೆಲ್‌ನಲ್ಲಿ ಕೂತು ಮೊಬೈಲಿನಲ್ಲೇ ಆಡುತ್ತಾನೆ. ಒಂದು ದಿನ ಬೆಳಿಗ್ಗೆ ದರ್ಶಿನಿಯಲ್ಲಿ ಇಡ್ಲಿ ಟೋಕನ್ ಹಿಡಿದು ನಿಂತಿದ್ದೆ, ಫೋನ್ ಬಂತು. "ಅಣ್ಣ, ಹತ್ತು ಕೋಟಿ ಹೋಯ್ತು." ನನಗೆ ಎದೆ ಧಸಕ್ ಅಂತು. ಆಮೇಲೆ ಗೊತ್ತಾಯಿತು, ಹೋಗಿದ್ದು ಆಟದೊಳಗಿನ ಚಿನ್ನದ ನಾಣ್ಯ. ಜೇಬಿನಿಂದ ಹೋಗಿದ್ದು 1800 ರೂಪಾಯಿ. ಆದರೂ ಹಾಸ್ಟೆಲ್ ಹುಡುಗನಿಗೆ 1800 ಅಂದರೆ ಸುಮ್ನೆ ಅಲ್ಲ.

ಹೇಗೆ ಹೋಯಿತು ಅನ್ನೋದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನಾನು ಅಂದುಕೊಂಡ ಹಾಗೆ ಹೋಗಿರಲಿಲ್ಲ. ದುಡ್ಡು ತಗೊಂಡು ಮಾಯ ಆಗಿರಬೇಕು ಅಂದುಕೊಂಡಿದ್ದೆ. ಅಲ್ಲ. ಅವನು ಚಾಟ್ ಗುಂಪಿನಲ್ಲಿ, ಕಂಪನಿಯ ನಿಯಮ ಮೀರಿ ಆಟದ ಚಿನ್ನವನ್ನು ನಿಜವಾದ ದುಡ್ಡಿಗೆ ಮಾರುವ ಒಬ್ಬನನ್ನು ಹಿಡಿದಿದ್ದ. "ಇವರ ಹತ್ತಿರ ಕೊಂಡೆ, ಸೂಪರ್" ಅಂತ ನೂರಾರು ಜನ ಬರೆದಿದ್ದರಂತೆ. ಬರೆದವರು ಯಾರು ಅಂತ ದೇವರಿಗೇ ಗೊತ್ತು. ಯುಪಿಐನಲ್ಲಿ ದುಡ್ಡು ಹಾಕಿದ. ಹತ್ತು ನಿಮಿಷದಲ್ಲಿ ಆಟದೊಳಗೆ ಒಂದು ಪಾತ್ರ ಬಂದು ಪೂರ್ತಿ 10 ಕೋಟಿ ಕೊಟ್ಟು ಹೋಯಿತು! ಹುಡುಗ ಕುಣಿದಾಡಿದ. ಐದು ನಿಮಿಷ ಕಳೆದ ಮೇಲೆ ಅದೇ ಫೋಟೋ, ಅದೇ ಹೆಸರಿನಿಂದ ಮೆಸೇಜು: "ನಾವು ಕೊಟ್ಟ ಅಕೌಂಟಿನ ಮೇಲೆ ಕಂಪನಿಯವರ ಕಣ್ಣು ಬಿದ್ದಿದೆ, ಆ ಚಿನ್ನ ನಿನ್ನ ಹತ್ತಿರ ಇದ್ದರೆ ನಿನಗೂ ಬ್ಯಾನ್ ಆಗುತ್ತೆ, ಬೇಗ ವಾಪಸ್ ಕೊಡು, ಬೇರೆ ಅಕೌಂಟಿನಿಂದ ಕೊಡ್ತೀವಿ." ಇವನು ಹೆದರಿ ಕೊಟ್ಟುಬಿಟ್ಟ. ಆಮೇಲೆ ನೋಡಿದರೆ ಹೆಸರಿನಲ್ಲಿ ಒಂದೇ ಒಂದು ಅಕ್ಷರ ಬೇರೆ. ಮಾರಿದವನೇ ಇನ್ನೊಂದು ವೇಷದಲ್ಲಿ ಬಂದನೋ, ಬೇರೆಯವನೋ, ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೂ ಏನು ಮಾಡೋಕೆ ಆಗುತ್ತೆ? ಕಳ್ಳಮಾಲು ಕೊಂಡವನು ಯಾರ ಹತ್ತಿರ ಹೋಗಿ ದೂರು ಹೇಳ್ತಾನೆ?

ಅಷ್ಟಕ್ಕೇ ಮುಗಿಯಲಿಲ್ಲ. "ರೀಫಂಡ್ ಕೊಡ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕು" ಅಂತ ಇನ್ನೊಂದು ಬಂತು. ಅಲ್ಲಿ ಮಾತ್ರ ಹುಡುಗನ ತಲೆ ಕೆಲಸ ಮಾಡಿತು. ನಮಗೆ ದುಡ್ಡು ಬರೋದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಹಾಕಿದೆವು ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಸೈಬರ್ ದೂರಿನ 1930 ನಂಬರಿಗೆ ಫೋನ್ ಮಾಡಿಸಿದೆ. ಏನು ಕಳೆದುಕೊಂಡಿರಿ ಅಂದರೆ ಇವನು "ಚಿನ್ನ" ಅಂದ. ಎಷ್ಟು ಗ್ರಾಂ ಅಂದರು. ಪಕ್ಕದಲ್ಲಿ ಕೂತಿದ್ದ ನಾನು ಫೋನ್ ಕಿತ್ತುಕೊಂಡು 1800 ರೂಪಾಯಿಯ ಲೆಕ್ಕ ಬರೆಸಿದೆ. ಎರಡು ದಿನ ಬಿಟ್ಟು ಆಟದ ಕಂಪನಿಯೂ ಅವನ ಅಕೌಂಟನ್ನು ಸ್ವಲ್ಪ ದಿನ ಬ್ಯಾನ್ ಮಾಡಿತು, ಹೊರಗೆ ಚಿನ್ನ ಕೊಂಡಿದ್ದಕ್ಕೆ. ಅಂದರೆ ದುಡ್ಡೂ ಹೋಯಿತು, ಚಿನ್ನವೂ ಹೋಯಿತು, ತಪ್ಪಿತಸ್ಥನೂ ಇವನೇ ಆದ.

ಈಗ ಬಾಂಡಿಗೆ ಬರುತ್ತೇನೆ.

ಬಾಂಡ್ ಅಂದರೆ ಆಟ ಮಾಡಿದ ಜಾಗೆಕ್ಸ್ ಕಂಪನಿಯೇ ಮಾರುವ ಒಂದು ವಸ್ತು. ಕಂಪನಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನದು. ಈ ಆಟಕ್ಕೆ ಬಾಂಡ್ ಬಂದಿದ್ದು 2015ರಲ್ಲಿ. ಅವರ ವೆಬ್‌ಸೈಟಿನಲ್ಲಿ ನಿಜವಾದ ದುಡ್ಡು ಕೊಟ್ಟು ಕೊಂಡರೆ ಅದು ನಿಮ್ಮ ಪಾತ್ರದ ಚೀಲಕ್ಕೆ ಬಂದು ಬೀಳುತ್ತದೆ. ನೀವೇ ಒಡೆದು ಬಳಸಿದರೆ 14 ದಿನದ ಮೆಂಬರ್‌ಶಿಪ್, ಅಂದರೆ ಪುಕ್ಕಟೆ ಆಡುವವರಿಗೆ ಸಿಗದ ಪೂರ್ತಿ ಆಟ. ಬೇಡ, ಚಿನ್ನ ಬೇಕು ಅಂದರೆ ಆಟದೊಳಗಿನ ಮಾರುಕಟ್ಟೆಯಾದ ಗ್ರ್ಯಾಂಡ್ ಎಕ್ಸ್‌ಚೇಂಜ್‌ನಲ್ಲಿ ಮಾರಾಟಕ್ಕೆ ಇಡಬಹುದು. ದುಡ್ಡು ಖರ್ಚು ಮಾಡದೆ ಮೆಂಬರ್‌ಶಿಪ್ ಬೇಕು ಅನ್ನುವ ಇನ್ನೊಬ್ಬ ಆಟಗಾರ ತಾನು ಆಡಿ ಗಳಿಸಿದ ಚಿನ್ನ ಕೊಟ್ಟು ಅದನ್ನು ಕೊಳ್ಳುತ್ತಾನೆ. ನಾನು ಮೊದಲ ಬಾಂಡ್ ಕೊಂಡಾಗ ಎಲ್ಲ ಸೇರಿ 700 ಚಿಲ್ಲರೆ ಬಿತ್ತು, ಮಾರಿದಾಗ ಒಂದು ಕೋಟಿ ಮೂವತ್ತು ಲಕ್ಷದ ಹತ್ತಿರ ಚಿನ್ನ ಬಂತು. ಬೆಲೆ ಆಟಗಾರರೇ ಕಟ್ಟುವುದು, ತರಕಾರಿ ಮಂಡಿ ಥರ ಮೇಲೆ ಕೆಳಗೆ ಆಗುತ್ತಿರುತ್ತದೆ.

ನನಗೆ ಇಷ್ಟವಾಗಿದ್ದು ಏನಪ್ಪಾ ಅಂದರೆ, ಇದರಲ್ಲಿ ಯಾರನ್ನೂ ನಂಬಬೇಕಾಗಿಲ್ಲ. ಬಾಂಡನ್ನು ಎಕ್ಸ್‌ಚೇಂಜ್‌ಗೆ ಹಾಕುತ್ತೀರಿ, ಅದು ಅಲ್ಲೇ ಇರುತ್ತದೆ. ಕೊಳ್ಳುವವನ ಮುಖ ನೋಡೋದಿಲ್ಲ, ಹೆಸರು ಗೊತ್ತಾಗೋದಿಲ್ಲ, ಮಾತಿಲ್ಲ ಕತೆಯಿಲ್ಲ. ಅವನ ಚಿನ್ನ ಬಂದರೆ ಮಾತ್ರ ಇದು ಅತ್ತ ಹೋಗುತ್ತದೆ. ನೀವು ಕೇಳಿದ್ದಕ್ಕಿಂತ ಜಾಸ್ತಿ ಕೊಡುವವನು ಮೊದಲೇ ಕಾದು ಕೂತಿದ್ದರೆ ಆ ಜಾಸ್ತಿ ಕೂಡ ನಿಮಗೇ ಸಿಗುತ್ತದೆ. ಬೇರೆ ಮಾಲು ಮಾರಿದರೆ ಈಗ 2 ಪರ್ಸೆಂಟ್ ತೆರಿಗೆ ಮುರಿಯುತ್ತಾರೆ, ಬಾಂಡಿಗೆ ಅದೂ ಇಲ್ಲ. ಒಬ್ಬರು ಕೊಂಡ ಮೇಲೆ ಅದು ಮತ್ತೆ ಮಾರೋಕೆ ಬರುವುದಿಲ್ಲ, ಮಾರಲೇಬೇಕು ಅಂದರೆ ಬೆಲೆಯ 10 ಪರ್ಸೆಂಟ್ ಚಿನ್ನ ಕಟ್ಟಬೇಕು, ಹಾಗಾಗಿ ಇದನ್ನೇ ಗೋಡೌನಿನಲ್ಲಿ ತುಂಬಿಟ್ಟುಕೊಂಡು ದಲ್ಲಾಳಿ ವ್ಯಾಪಾರ ಮಾಡೋದು ಕಷ್ಟ. ಇದನ್ನು ಯೋಚಿಸಿದವರು ಬುದ್ಧಿವಂತರು.

ಒಂದೇ ಎಚ್ಚರಿಕೆ. ಬಾಂಡನ್ನು ಎದುರಾಬದುರು ಟ್ರೇಡ್‌ನಲ್ಲೂ ಮಾರಬಹುದು. ಮಾರಬೇಡಿ. "ಎಕ್ಸ್‌ಚೇಂಜ್‌ಗಿಂತ ಹತ್ತು ಲಕ್ಷ ಜಾಸ್ತಿ ಕೊಡ್ತೀನಿ ಬಾ" ಅನ್ನುವವನು ಬಂದೇ ಬರುತ್ತಾನೆ. ಈ ಆಟದಲ್ಲಿ ಚಿನ್ನದ ರಾಶಿಯ ಬಣ್ಣ ನೋಡಿಯೇ ಎಷ್ಟಿದೆ ಅಂತ ಹೇಳಬಹುದು: ಒಂದು ಲಕ್ಷದ ಒಳಗೆ ಹಳದಿ ಅಂಕಿ, ಲಕ್ಷ ಮುಟ್ಟಿದರೆ ಬಿಳಿ, ಒಂದು ಕೋಟಿ ಮುಟ್ಟಿದರೆ ಹಸಿರು. ಇಂಗ್ಲೆಂಡಿನವರು ಮಾಡಿದ ಆಟಕ್ಕೆ ನಮ್ಮ ಲಕ್ಷ ಕೋಟಿಯ ಲೆಕ್ಕ ಇಷ್ಟು ಸರಿಯಾಗಿ ಹೊಂದಿದ್ದು ಹೇಗೋ, ನನಗೆ ಪ್ರತಿ ಸಲ ಖುಷಿ ಆಗುತ್ತೆ. ಮೋಸ ಮಾಡುವವನು ಮೊದಲು ಹಸಿರು ರಾಶಿ ಇಡುತ್ತಾನೆ, ಏನೋ ನೆಪ ಹೇಳಿ ಟ್ರೇಡ್ ಮುಚ್ಚುತ್ತಾನೆ, ಮತ್ತೆ ತೆರೆದಾಗ ಅಷ್ಟೇ ಸೊನ್ನೆ ಕಾಣುವ ಹಾಗೆ ಬಿಳಿ ರಾಶಿ ಇಡುತ್ತಾನೆ. ಅವಸರದಲ್ಲಿ ನೀವು ಒತ್ತಿಬಿಡುತ್ತೀರಿ. ಟ್ರೇಡ್‌ಗೆ ಎರಡನೇ ಪರದೆ ಅಂತ ಒಂದಿದೆ, ಅಲ್ಲಿ ಅಂಕಿ ಪೂರ್ತಿ ಬರೆದಿರುತ್ತದೆ. ಬೇರೆ ಯಾವ ಟ್ರೇಡ್ ಮಾಡಿದರೂ ಅಲ್ಲಿ ನಿಂತು ಸೊನ್ನೆ ಎಣಿಸಿ, ನಾಚಿಕೆ ಪಡಬೇಡಿ.

ಹಳೆಯ ಮೋಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಆರ್ಮರ್ ಟ್ರಿಮ್ಮಿಂಗ್. "ನಿನ್ನ ಕವಚಕ್ಕೆ ಪುಕ್ಕಟೆ ಚಿನ್ನದ ಅಂಚು ಕಟ್ಟಿಕೊಡ್ತೀನಿ, ಒಂದು ನಿಮಿಷ ಕೊಡು" ಅಂತ ಕೇಳುತ್ತಾರೆ. ಅಂಚು ಕಟ್ಟುವ ವಿದ್ಯೆ ಆ ಆಟದಲ್ಲಿ ಯಾವ ಆಟಗಾರನಿಗೂ ಇಲ್ಲ, ಅಂಚಿನ ಕವಚ ನಿಧಿ ಹುಡುಕುವ ಟ್ರೆಷರ್ ಟ್ರೇಲ್‌ನಲ್ಲಿ ಮಾತ್ರ ಸಿಗುತ್ತದೆ. ಇದನ್ನು ಮೊದಲ ಸಲ ಓದಿದಾಗ ನಗು ತಡೆಯೋಕೆ ಆಗಲಿಲ್ಲ. ಮಧ್ಯಾಹ್ನದ ಹೊತ್ತು ಗಂಡಸರು ಇಲ್ಲದಾಗ ಮನೆ ಬಾಗಿಲಿಗೆ ಬಂದು "ಅಮ್ಮಾ, ಒಡವೆ ಪಾಲಿಶ್ ಮಾಡಿಕೊಡ್ತೀವಿ" ಅನ್ನುವವರು ಇಲ್ಲವಾ, ಅದೇ ಕಸುಬು! ಅರಿಶಿನದ ನೀರಿನಲ್ಲಿ ಬಳೆ ಹಾಕಿ ಮುಚ್ಚಿ ಕೊಟ್ಟು, ಅರ್ಧ ಗಂಟೆ ಬಿಟ್ಟು ತೆಗೆಯಿರಿ ಅಂತ ಹೇಳಿ ಹೋಗುವವರು. ಇನ್ನೊಂದು, ದುಡ್ಡು ಡಬಲ್ ಮಾಡಿಕೊಡುವವರು. ಹತ್ತು ಸಾವಿರ ಕೊಟ್ಟರೆ ಇಪ್ಪತ್ತು ಕೊಡುತ್ತಾರೆ, ನಿಜವಾಗಿಯೂ ಕೊಡುತ್ತಾರೆ. ಒಂದು ಕೋಟಿ ಕೊಟ್ಟ ಮೇಲೆ ಇರೋದಿಲ್ಲ. ನಮ್ಮ ಚೀಟಿ ವ್ಯವಹಾರ ನೋಡಿದವರಿಗೆ ಇದನ್ನು ವಿವರಿಸಬೇಕಾ?

ಬಾಂಡಿನ ಕೊರತೆ ಹೇಳದೆ ಹೋದರೆ ಇದು ಜಾಹೀರಾತು ಆಗುತ್ತದೆ. ದುಬಾರಿ. ಕಳ್ಳ ಅಂಗಡಿಗಳಲ್ಲಿ ಅಷ್ಟೇ ಚಿನ್ನ ಅರ್ಧ ಬೆಲೆಗಿಂತ ಕಡಿಮೆಗೆ ಸಿಗುತ್ತದೆ, ಹುಡುಗ ಅದಕ್ಕೇ ಅಲ್ಲಿಗೆ ಹೋಗಿದ್ದು. ಅವನಿಗೆ ಬೇಕಾಗಿದ್ದ 10 ಕೋಟಿಗೆ ಏಳೆಂಟು ಬಾಂಡ್ ಬೇಕು, ಅಂದರೆ ಐದು ಸಾವಿರ ದಾಟುತ್ತದೆ. ಬಾಣ ಬಿಡುವ ಒಂದು ಬಿಲ್ಲಿಗೋಸ್ಕರ, ಅದೂ ಫೋನ್ ಆಫ್ ಮಾಡಿದರೆ ಕಾಣದ ಬಿಲ್ಲಿಗೋಸ್ಕರ ಐದು ಸಾವಿರ! ನನ್ನ ಪ್ರಕಾರ ಬಾಂಡ್ ಮಾರಿ ಚಿನ್ನ ಮಾಡುವುದಕ್ಕಿಂತ ಒಡೆದು ಮೆಂಬರ್‌ಶಿಪ್ ಮಾಡಿಕೊಂಡು ಆಡಿ ಗಳಿಸುವುದೇ ಲಾಭ. ನನ್ನ ಮೂರನೆಯದನ್ನು ಹಾಗೇ ಮಾಡಿದೆ.

ಅಷ್ಟು ಅಗ್ಗಕ್ಕೆ ಅವರಿಗೆ ಹೇಗೆ ಸಿಗುತ್ತದೆ ಅಂತ ಹುಡುಗ ಕೇಳಿದ. ಕೆಲವು ಬಾಟ್‌ಗಳು, ಅಂದರೆ ತಾವಾಗಿಯೇ ಆಡುವ ಪ್ರೋಗ್ರಾಂಗಳು, ಹಗಲು ರಾತ್ರಿ ಕೂತು ಅಗೆದಿದ್ದು. ಕೆಲವು ಬೇರೆಯವರ ಅಕೌಂಟಿಗೆ ಕನ್ನ ಹಾಕಿದ್ದು. ಕೆಲವು ನಿಜವಾದ ಮನುಷ್ಯರು ದುಡಿದಿದ್ದು: ವೆನೆಜುವೆಲಾದಲ್ಲಿ ಅಲ್ಲಿನ ದುಡ್ಡಿಗೆ ಬೆಲೆಯೇ ಇಲ್ಲದಂತಾದಾಗ ಎಷ್ಟೋ ಜನ ಈ ಆಟದಲ್ಲಿ ಹಸಿರು ಡ್ರಾಗನ್ ಕೊಂದು, ಬಂದಿದ್ದನ್ನು ಡಾಲರಿಗೆ ಮಾರಿ ಮನೆ ನಡೆಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ನಡುವಿನವರ ಮೇಲೆ. ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಬಾಟ್‌ಗಳಿಗೆ ಮೆಂಬರ್‌ಶಿಪ್ ಕಟ್ಟುವ ಹಾವಳಿ ಒಂದು ಕಾಲಕ್ಕೆ ಎಷ್ಟಾಗಿತ್ತೆಂದರೆ, ಜಾಗೆಕ್ಸ್ ಮೂಲ ರೂನ್‌ಸ್ಕೇಪ್‌ನಲ್ಲಿ 2007ರ ಕೊನೆಗೆ ಹೊಡೆದಾಡಿ ದೋಚುವ ವೈಲ್ಡರ್‌ನೆಸ್ ಅನ್ನು ಮುಚ್ಚಿ, 2008ರ ಜನವರಿಯಲ್ಲಿ ಕೊಟ್ಟು ತೆಗೆದುಕೊಳ್ಳೋದಕ್ಕೇ ಮಿತಿ ಹಾಕಿತು. ಗೆಳೆಯನಿಗೆ ಸುಮ್ನೆ ಒಂದು ಬೆಲೆಬಾಳುವ ಕತ್ತಿ ಕೊಡೋಕೂ ಆಗುತ್ತಿರಲಿಲ್ಲ. ಆಟಗಾರರು ಗಲಾಟೆ ಮಾಡಿದರು, ಮತ ಹಾಕಿದರು, 2011ರ ಫೆಬ್ರವರಿಯಲ್ಲಿ ಎರಡೂ ವಾಪಸ್ ಬಂತು. ನಾವು ಆಡುವ ಓಲ್ಡ್ ಸ್ಕೂಲ್ ಅಂತೂ ಆ ಮಿತಿಗೂ ಮುಂಚಿನ, 2007ರ ಆಗಸ್ಟಿನ ಒಂದು ಬ್ಯಾಕಪ್ಪಿನಿಂದ 2013ರಲ್ಲಿ ಎಬ್ಬಿಸಿದ್ದು.

ಬೇರೆ ಆಟದವರಿಗೆ ಎರಡು ಮಾತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಟೋಕನ್ ಕೂಡ 2015ರಲ್ಲೇ ಬಂದಿದ್ದು, ಅದು ಇನ್ನೂ ಬಿಗಿ: ಮಾರೋಕೆ ಇಟ್ಟ ಗಳಿಗೆಯಲ್ಲಿ ತೋರಿಸಿದ ಚಿನ್ನ ಎಷ್ಟೋ ಅಷ್ಟೇ ಸಿಗುತ್ತದೆ, ಕೈಯಿಂದ ಕೈಗೆ ಕೊಡುವ ಹಾಗೇ ಇಲ್ಲ. ಈವ್ ಆನ್‌ಲೈನ್ ಆಟದಲ್ಲಿ ಬಾಂಡ್ ಥರದ್ದೇ ಆದ ಪ್ಲೆಕ್ಸ್ ಬೇರೆ ಕತೆ. ಆ ಆಟದೊಳಗೆ ಮೋಸ ಮಾಡೋದಕ್ಕೆ ನಿಯಮವೇ ಬಹುಮಟ್ಟಿಗೆ ಅಡ್ಡಿ ಮಾಡುವುದಿಲ್ಲ. 2010ರಲ್ಲಿ ಒಬ್ಬ ಪುಣ್ಯಾತ್ಮ 74 ಪ್ಲೆಕ್ಸ್ ತುಂಬಿಕೊಂಡು ಒಂದು ಚಿಕ್ಕ ಹಡಗಿನಲ್ಲಿ ಹೊರಟ, ದಾರಿಯಲ್ಲಿ ಹೊಡೆದುರುಳಿಸಿದರು, ಸಾವಿರ ಡಾಲರಿಗಿಂತ ಜಾಸ್ತಿ ಬೆಲೆಯ ಮಾಲು ಬೂದಿ. ಹೊಡೆದವರಿಗೂ ಸಿಗಲಿಲ್ಲ.

ಕೊಳ್ಳುವಾಗ ಕಾರ್ಡಿನ ವಿಷಯ. ನಮ್ಮ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ನಾವೇ ಆನ್ ಮಾಡಬೇಕು, 2020ರಿಂದ ರಿಸರ್ವ್ ಬ್ಯಾಂಕ್ ನಿಯಮ. ಆನ್ ಮಾಡಿ, ಕೊಂಡು, ಮರೆಯದೆ ಆಫ್ ಮಾಡಿ, ಯಾಕೆಂದರೆ ಹೊರದೇಶದ ಎಷ್ಟೋ ಸೈಟುಗಳು ಒಟಿಪಿ ಕೇಳದೆಯೇ ದುಡ್ಡು ಎಳೆಯುತ್ತವೆ. ಬ್ಯಾಂಕು ಮೇಲೆ ಒಂದಿಷ್ಟು ವಿದೇಶಿ ಶುಲ್ಕ ಹಾಕಬಹುದು, ಬೈದುಕೊಂಡು ಕಟ್ಟಿ. ಸೈಟಿನ ವಿಳಾಸವನ್ನು ನೀವೇ ಟೈಪ್ ಮಾಡಿ, ಮೇಲ್‌ನಲ್ಲಿ ಬಂದ ಲಿಂಕ್, ಲೈವ್ ವಿಡಿಯೋ ಕೆಳಗೆ "ಬಾಂಡ್ ಫ್ರೀ" ಅಂತ ಕೊಟ್ಟ ಲಿಂಕ್ ಮುಟ್ಟಲೇಬೇಡಿ. ಆಟದೊಳಗೆ ಕಂಪನಿಯವರ ಹೆಸರಿನ ಮುಂದೆ ಚಿನ್ನದ ಕಿರೀಟ ಇರುತ್ತದೆ, ಅವರು ಯಾವತ್ತೂ ಪಾಸ್‌ವರ್ಡ್ ಕೇಳುವುದಿಲ್ಲ. ಲಾಗಿನ್ ಆಗುವಾಗ ಫೋನಿನಲ್ಲಿ ಬರುವ ಕೋಡ್ ಕೇಳುವ ಅಥೆಂಟಿಕೇಟರ್ ಹಾಕಿ. ಬ್ಯಾಂಕ್ ಪಿನ್ ಕೂಡ ಹಾಕಿ, ಆಟದೊಳಗಿನ ಬ್ಯಾಂಕಿಗೆ. ನಾಲ್ಕಂಕಿ ಅಷ್ಟೇ, ಆದರೆ ಗೊತ್ತಿಲ್ಲದವನು ಅದನ್ನು ತೆಗೆಸಬೇಕಾದರೆ 3 ಅಥವಾ 7 ದಿನ ಕಾಯಬೇಕು. ನಾನು 7 ಇಟ್ಟಿದ್ದೇನೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಟ್ ಮಾಡಿದ್ದು ಬೆಲೆಗೆ.

ಹುಡುಗನಿಗೆ ನನ್ನ ಎರಡನೇ ಬಾಂಡ್ ಹುಟ್ಟಿದಹಬ್ಬಕ್ಕೆ ಅಂತ ಕೊಟ್ಟೆ. ಮಾರುತ್ತಾನೆ ಅಂದುಕೊಂಡಿದ್ದೆ, ಒಡೆದು ಆಡುತ್ತಿದ್ದಾನೆ. ಹೋದ ವಾರ ಇಬ್ಬರೂ ಗ್ರ್ಯಾಂಡ್ ಎಕ್ಸ್‌ಚೇಂಜ್ ಹತ್ತಿರ ನಿಂತಿದ್ದೆವು, ಯಾರೋ ಒಬ್ಬ ಬಂದು ಕವಚಕ್ಕೆ ಪುಕ್ಕಟೆ ಅಂಚು ಕಟ್ಟಿಕೊಡ್ತೀನಿ ಅಂತ ಶುರು ಮಾಡಿದ. ನಮ್ಮ ಹುಡುಗ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡಿದ: "ಅಜ್ಜಿ ಮನೇಲಿಲ್ಲ, ಮುಂದೆ ಹೋಗಪ್ಪ."