ಡ್ಯೂನ್: ನೀರು ತಾಕಿದರೆ ಸಾಯುವ ಹುಳುಗಳ ಪುಸ್ತಕ

ಫ್ರಾಂಕ್ ಹರ್ಬರ್ಟ್ ಬರೆದ ಈ 1965ರ ಕಾದಂಬರಿಯನ್ನು ಜಾಸ್ತಿ ಜನ ರಾಜಕೀಯಕ್ಕೆ, ಯುದ್ಧಕ್ಕೆ ಹೊಗಳುತ್ತಾರೆ. ನನಗೆ ಹಿಡಿಸಿದ್ದು ಅದರ ಪ್ರಾಣಿಗಳು. ಅರಾಕಿಸ್ ಗ್ರಹದಲ್ಲಿ ಮಳೆಯೇ ಇಲ್ಲ. ಅಲ್ಲಿನ ಮರಳುಹುಳು ನೂರಾರು ಮೀಟರ್ ಉದ್ದ ಬೆಳೆಯುತ್ತದೆ, ಆದರೆ ನೀರೇ ಅದಕ್ಕೆ ವಿಷ. ಅದರ ಎಳೆಯ ರೂಪಕ್ಕೆ ಸ್ಯಾಂಡ್‌ಟ್ರೌಟ್ ಅಂತ ಹೆಸರು, ಇವು ನೆಲದಡಿಯ ನೀರನ್ನು ಸುತ್ತುವರಿದು ಬೀಗ ಹಾಕಿದ ಹಾಗೆ ಹಿಡಿದಿಡುತ್ತವೆ, ಹಾಗಾಗಿಯೇ ದೊಡ್ಡ ಹುಳುಗಳಿಗೆ ಬೇಕಾದಷ್ಟು ಒಣ ನೆಲ ಸಿಗುತ್ತದೆ. ಅಂದರೆ ಬರಕ್ಕೆ ಪ್ರಾಣಿ ಹೊಂದಿಕೊಂಡಿದ್ದಷ್ಟೇ ಅಲ್ಲ, ಆ ಬರವನ್ನು ಉಳಿಸಿಕೊಂಡು ಬಂದಿರುವುದೂ ಪ್ರಾಣಿಯೇ! ಇದನ್ನು ಓದಿ ಪುಸ್ತಕ ಮಡಚಿ ಸುಮ್ನೆ ಕೂತುಬಿಟ್ಟೆ.

ಮುವಾದ್‌ದಿಬ್ ಅನ್ನೋ ಪುಟ್ಟ ಇಲಿಯೂ ಇದೆ, ಕಥಾನಾಯಕ ತನಗೆ ಅದರ ಹೆಸರನ್ನೇ ಇಟ್ಟುಕೊಳ್ಳುತ್ತಾನೆ. ಇಂಥ ಮರುಭೂಮಿಯ ಇಲಿ ಬರೀ ಕಲ್ಪನೆ ಅಲ್ಲ. ಅಮೆರಿಕದ ಮರುಭೂಮಿಯ ಕಾಂಗರೂ ಇಲಿ ನೀರು ಕುಡಿಯದೆಯೇ ಬದುಕಬಲ್ಲದು. ತಿಂದ ಕಾಳು ಮೈಯಲ್ಲಿ ಕರಗುವಾಗ ಹುಟ್ಟುವ ನೀರೇ ಅದಕ್ಕೆ ಬಹುಪಾಲು ಆಧಾರ, ಮೂತ್ರವನ್ನೂ ತುಂಬಾ ಗಟ್ಟಿ ಮಾಡಿ ಹೊರಗೆ ಬಿಡುತ್ತದೆ.

ಮರಳಿನಲ್ಲಿರುವ ಸೂಕ್ಷ್ಮ ಜೀವಿಗಳನ್ನು ತಿಂದೇ ಅಷ್ಟು ದೊಡ್ಡ ಹುಳು ಬದುಕುತ್ತದೆ ಅನ್ನೋದು ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಶುರುವಿನ ನೂರು ಪುಟ ಕಷ್ಟ, ಹೊಸ ಹೆಸರುಗಳ ರಾಶಿ. ಕೊನೆಯಲ್ಲಿ ಪದಕೋಶ ಇದೆ, ಅಲ್ಲಿಗೊಂದು ಬುಕ್‌ಮಾರ್ಕ್ ಇಟ್ಟುಕೊಳ್ಳಿ. ನಾನು ಕೊಂಡ ಪ್ರತಿಯಲ್ಲಿ ಅಕ್ಷರ ತೀರಾ ಸಣ್ಣದು, ರಾತ್ರಿ ಓದಿದರೆ ಕಣ್ಣು ನೋವು. ಕಥೆ ಮುಗಿದ ಮೇಲೆ ಗ್ರಹದ ಪರಿಸರದ ಬಗ್ಗೆ ಇರುವ ಅನುಬಂಧವನ್ನು ದಯವಿಟ್ಟು ಬಿಡಬೇಡಿ, ನಾನಂತೂ ಅದನ್ನು ಎರಡು ಸಲ ಓದಿದೆ.