ಬಣ್ಣ ಹೊಡೆದ ಫ್ರೇಮ್ ನಂಬಬೇಡಿ: ಹಳೆಯ ರೇಸ್ ಬೈಕ್ ಇಟ್ಟುಕೊಂಡವರಿಗೆ ಎಚ್ಚರಿಕೆ

ಹಳೆಯ ರೇಸ್ ಬೈಕಿನ ಫ್ರೇಮನ್ನು ಯಾರಿಗಾದರೂ ರಿಪೇರಿಗೆ ಕೊಟ್ಟಿದ್ದೀರಾ? ಕೊಡಬೇಕು ಅಂತ ಇದ್ದೀರಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ. ಬಣ್ಣ ಹೊಡೆಯುವ ಮುಂಚೆ ಬರಿ ಲೋಹವನ್ನು ನೀವು ನೋಡಲೇಬೇಕು. ಫೋಟೋದಲ್ಲಿ ಅಲ್ಲ, ಎದುರಿಗೆ ಇಟ್ಟುಕೊಂಡು ನೋಡಬೇಕು. ನನಗೆ ತೋರಿಸಲಿಲ್ಲ. ಬಾಯಲ್ಲಿ ಹೇಳಿದ್ದೆ, ಬರೆದೂ ಕೊಟ್ಟಿದ್ದೆ, ಆದರೂ ತೋರಿಸಲಿಲ್ಲ. ಯಾಕೆ ತೋರಿಸಲಿಲ್ಲ ಅಂತ ಈಗ ಗೊತ್ತಾಗಿದೆ. ಸಿಟ್ಟು ಇನ್ನೂ ಇಳಿದಿಲ್ಲ, ಬರಹ ಹಿಂದೆ ಮುಂದೆ ಆದರೆ ಹೊಂದಿಸಿಕೊಳ್ಳಿ.

ಫ್ರೇಮ್ ಯಾವುದು ಅಂತ ಮೊದಲು ಹೇಳುತ್ತೇನೆ, ಆಗಲೇ ನನ್ನ ಹೊಟ್ಟೆ ಉರಿ ಅರ್ಥ ಆಗೋದು. ಬ್ರಿಟನ್ನಿನ ನಾರ್ಟನ್ ಕಂಪನಿಯ ಫೆದರ್‌ಬೆಡ್ ಫ್ರೇಮ್. ಅದರಲ್ಲೂ ಮ್ಯಾಂಕ್ಸ್ ರೇಸ್ ಗಾಡಿಯದು. ರೆಕ್ಸ್ ಮತ್ತು ಕ್ರೋಮಿ ಮೆಕ್‌ಕ್ಯಾಂಡ್ಲೆಸ್ ಅನ್ನುವ ಅಣ್ಣತಮ್ಮಂದಿರು ರೂಪಿಸಿದ ಫ್ರೇಮ್ ಇದು. 1950ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ ರೇಸನ್ನು ಜೆಫ್ ಡ್ಯೂಕ್ ಗೆದ್ದಿದ್ದು ಇದೇ ಮಾದರಿಯ ಫ್ರೇಮಿನ ಮೇಲೆ. ಎರಡು ಕೊಳವೆಗಳು ಸುತ್ತಿ ಬಂದು, ಹ್ಯಾಂಡಲ್ ಕೂರುವ ಹೆಡ್‌ಸ್ಟಾಕ್ ಹತ್ತಿರ ಒಂದನ್ನೊಂದು ದಾಟಿ ಸೇರುತ್ತವೆ. ಆ ದಾಟುವ ಜಾಗವೇ ಇದರ ಜೀವ. ರೇಸ್ ಫ್ರೇಮುಗಳಿಗೆ ಬಳಸಿದ್ದು ರೆನಾಲ್ಡ್ಸ್ 531 ಕೊಳವೆ. ಮ್ಯಾಂಗನೀಸ್, ಮಾಲಿಬ್ಡಿನಮ್ ಬೆರೆಸಿದ ಉಕ್ಕು, ಗೋಡೆ ಸುಮಾರು 1.6 ಮಿ.ಮೀ. ದಪ್ಪ ಅಷ್ಟೇ. ಜಾಯಿಂಟುಗಳಿಗೆ ಹಾಕಿದ್ದು ಕಂಚಿನ ಬೆಸುಗೆ. ಅಂದರೆ ಉಕ್ಕನ್ನೇ ಕರಗಿಸುವುದಿಲ್ಲ. ಗ್ಯಾಸ್ ಜ್ವಾಲೆಯಲ್ಲಿ ಸುಮಾರು 900 ಡಿಗ್ರಿಗೆ ಕರಗುವ ಕಡ್ಡಿಯನ್ನು ಜಾಯಿಂಟಿನ ಸುತ್ತ ಅಗಲವಾಗಿ ತುಂಬುತ್ತಾರೆ. ಆ ಅಗಲದಲ್ಲೇ ಶಕ್ತಿ ಇರೋದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಫ್ರೇಮ್ ನನ್ನ ಕೈಗೆ ಬಂದಾಗ ಹಳೆಯ ಬಣ್ಣ ಅರ್ಧ ಹೋಗಿತ್ತು. ಕೆಳಗಿನ ಕೊಳವೆಯಲ್ಲಿ ಒಂದು ನೆಗ್ಗು. ಹೆಡ್‌ಸ್ಟಾಕ್ ಕೆಳಗೆ ಒಂದು ಗೆರೆ, ಬಿರುಕೋ ಬಣ್ಣದ ಗೀರೋ ಗೊತ್ತಾಗುತ್ತಿರಲಿಲ್ಲ. ಹಿಂದೆ ಯಾರೋ ಬೀಳಿಸಿದ್ದ ಗಾಡಿ ಅನ್ನೋದು ಖಚಿತ. ಅದಕ್ಕೇ ರೇಸ್ ಫ್ರೇಮ್ ಕೆಲಸವನ್ನೇ ಮಾಡುತ್ತೇವೆ ಅಂತ ಹೇಳಿಕೊಳ್ಳುವ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಕೆಲಸದ ಪಟ್ಟಿಯನ್ನು ಸ್ಪಷ್ಟವಾಗಿ ಬರೆದುಕೊಟ್ಟೆ. ಬಣ್ಣ ತೆಗೆಯಿರಿ. ಬಿರುಕಿದೆಯಾ ಅಂತ ಡೈ ಟೆಸ್ಟ್ ಮಾಡಿ. ಜಿಗ್ ಮೇಲೆ, ಅಂದರೆ ಫ್ರೇಮನ್ನು ಅಲುಗದಂತೆ ಹಿಡಿಯುವ ಚೌಕಟ್ಟಿನ ಮೇಲೆ, ಕೂರಿಸಿ ಅಳತೆ ತೆಗೆಯಿರಿ. ಬರಿ ಲೋಹ ಇರುವಾಗಲೇ ನನ್ನನ್ನು ಕರೆಯಿರಿ. ನಾನು ನೋಡಿ ಒಪ್ಪಿದ ಮೇಲೆ ರಿಪೇರಿ. ಅದಾದ ಮೇಲೆ ಬಣ್ಣ. ಮಾಲೀಕರು ಪಟ್ಟಿ ಓದಿ, "ಸರ್, ಇದೆಲ್ಲ ನೀವು ಹೇಳಲೇಬೇಕಾಗಿಲ್ಲ, ನಾವು ಮಾಡೋದೇ ಹೀಗೆ" ಅಂದರು. ಅಡ್ವಾನ್ಸ್ ಕೊಟ್ಟೆ.

ಆಮೇಲೆ ಎಲ್ಲರಿಗೂ ಗೊತ್ತಿರುವ ಕಥೆಯೇ. ಫೋನ್ ಮಾಡಿದರೆ "ಮುಂದಿನ ವಾರ ಸರ್". ಫೋಟೋ ಕೇಳಿದರೆ ದೂರದಿಂದ ತೆಗೆದ ಮಸುಕು ಫೋಟೋ. ಡೈ ಟೆಸ್ಟ್ ಆಯ್ತಾ ಅಂದರೆ "ಆಯ್ತು, ಏನೂ ಇಲ್ಲ, ಕ್ಲೀನ್ ಆಗಿದೆ". ಯಾವಾಗ ಬಂದು ನೋಡಲಿ ಅಂದರೆ "ನಾನೇ ಕರೀತೀನಿ". ಕರೆ ಬಂತು. "ಸರ್, ರೆಡಿ. ಪೌಡರ್ ಕೋಟಿಂಗೂ ಮುಗಿಸಿಬಿಟ್ಟಿದ್ದೀವಿ. ಒವನ್ ಖಾಲಿ ಇತ್ತು, ನಿಮ್ಮದನ್ನೂ ಜೊತೆಗೆ ಹಾಕಿಬಿಟ್ವಿ."

ಒವನ್ ಖಾಲಿ ಇತ್ತಂತೆ!

ಪುಡಿ ಬಣ್ಣ ಹೊಡೆದು ಒವನ್ನಿನಲ್ಲಿ ಕಾಯಿಸಿ ಅಂಟಿಸೋದೇ ಪೌಡರ್ ಕೋಟಿಂಗ್. ಅಂದರೆ ಬರಿ ಲೋಹ ನನಗೆ ತೋರಿಸದೆ ಮುಚ್ಚಿಬಿಟ್ಟಿದ್ದರು. ಅಲ್ಲೇ ಜಗಳ ಆಡಿದೆ. ಅವರು ನಗುತ್ತಾ ಫ್ರೇಮನ್ನು ಬೆಳಕಿಗೆ ಹಿಡಿದರು. ಬೆಳ್ಳಿ ಬಣ್ಣ, ಒಂದು ಕಲೆ ಇಲ್ಲ. ನಿಜ ಹೇಳಬೇಕು, ನೋಡೋಕೆ ತುಂಬಾ ಚೆನ್ನಾಗಿತ್ತು. ಜೊತೆಗಿದ್ದ ಗೆಳೆಯರೂ ಹೊಗಳಿದರು. ಬಾಕಿ ಹಣ ತೆಗೆದುಕೊಂಡೇ ಫ್ರೇಮ್ ಬಿಟ್ಟರು. ಆ ಹೊಗಳಿಕೆ ನೆನಪಾದರೆ ಇವತ್ತಿಗೂ ಮುಖ ಬಿಸಿಯಾಗುತ್ತೆ.

ಜೋಡಿಸೋಕೆ ಶುರು ಮಾಡಿದ ಕೂಡಲೇ ಒಂದೊಂದೇ ಹೊರಗೆ ಬಂತು. ಮೊದಲು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗುಗಳು. ಹೆಡ್‌ಸ್ಟಾಕಿನ ಒಳಗೆ ಬೇರಿಂಗ್ ಕಪ್ ಕೂರುವ ಜಾಗವನ್ನು ಮುಚ್ಚದೆ ಪೌಡರ್ ಹೊಡೆದಿದ್ದರು. ಪೌಡರ್ ಕೋಟಿಂಗ್ ಅಂದರೆ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪ. ಎರಡೂ ಕಡೆ ಸೇರಿದರೆ ರಂಧ್ರ 0.15 ಮಿ.ಮೀ. ಹತ್ತಿರ ಕಿರಿದಾಗುತ್ತೆ. ಕಪ್ ಕೂರುವ ಜಾಗದಲ್ಲಿ ನೂರನೇ ಒಂದು ಮಿ.ಮೀ. ಲೆಕ್ಕ ಇರುತ್ತೆ. ಕಪ್ ಸೊಟ್ಟಗೆ ಕೂತಿತು. ಎಂಜಿನ್ ಕೂರುವ ಕಿವಿಗಳ ಮೇಲೂ ಪೌಡರ್. ಅಲ್ಲಿ ಬೋಲ್ಟ್ ಬಿಗಿ ಮಾಡಿದರೆ ಪದರ ಹಿಸುಕಿ ಬಿಗಿ ತಾನೇ ಸಡಿಲವಾಗುತ್ತೆ. ಫ್ರೇಮ್ ನಂಬರ್ ಇತ್ತಲ್ಲ, ಅದು ಬಣ್ಣದಲ್ಲಿ ಮುಳುಗಿ ಬೆರಳಿಗೂ ಸಿಗುತ್ತಿರಲಿಲ್ಲ. ಒಂದು ಕ್ಷಣ, ಇದು ನನ್ನದೇ ಫ್ರೇಮಾ ಅನ್ನುವ ಅನುಮಾನವೂ ಬಂತು.

ಫೋನ್ ಮಾಡಿದೆ. "ಮರಳು ಕಾಗದದಲ್ಲಿ ಉಜ್ಜಿಕೊಳ್ಳಿ ಸರ್, ಎಲ್ಲರೂ ಹಾಗೇ ಮಾಡ್ತಾರೆ." ಕೈಯಲ್ಲಿ ಉಜ್ಜಿದರೆ ರಂಧ್ರ ಗುಂಡಗೆ ಉಳಿಯುತ್ತಾ? ರಂಧ್ರವನ್ನು ಅಳತೆಗೆ ಸರಿಯಾಗಿ ಕೊರೆಯುವ ರೀಮರ್ ಬೇಕು. ಅದನ್ನು ಅವರಿಗೆ ನಾನು ಹೇಳಿಕೊಡಬೇಕಾ?

ರಂಧ್ರ ಸರಿ ಮಾಡಿಸಿ, ಫೋರ್ಕು, ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್, ಚಕ್ರ ಹಾಕಿ ನಿಲ್ಲಿಸಿದೆ. ಹಿಂದಿನಿಂದ ನೋಡಿದರೆ ಮುಂದಿನ ಚಕ್ರ ಒಂದು ಕಡೆ ವಾಲಿದೆ. ಕಣ್ಣಿಗೇ ಕಾಣುತ್ತೆ. ಹೆಡ್‌ಸ್ಟಾಕಿನಲ್ಲಿ ಅಳತೆಗೆ ಸರಿಯಾಗಿ ತಿರುವಿದ ಒಂದು ನೇರ ಸರಳು, ಸ್ವಿಂಗ್ ಆರ್ಮ್ ತಿರುಗುವ ಪಿವಟ್ಟಿನಲ್ಲಿ ಇನ್ನೊಂದು ಸರಳು ಹಾಕಿ ಆಂಗಲ್ ಮೀಟರ್ ಇಟ್ಟೆ. ಪಿವಟ್ ಸರಳನ್ನು ಮಟ್ಟ ಮಾಡಿದರೆ ಹೆಡ್‌ಸ್ಟಾಕ್ ಪಕ್ಕಕ್ಕೆ ವಾಲದೆ ನೆಟ್ಟಗಿರಬೇಕು. ಇಲ್ಲಿ ಒಂದೂವರೆ ಡಿಗ್ರಿ ತಿರುಚಿಕೊಂಡಿತ್ತು. ರೇಸ್ ಫ್ರೇಮಿನಲ್ಲಿ ಒಂದೂವರೆ ಡಿಗ್ರಿ!

ಮತ್ತೆ ಫೋನ್. ಮೊದಲು "ನಿಮ್ಮ ಚಕ್ರದ ಸ್ಪೋಕ್ ಸರಿ ಇಲ್ಲ". ಚಕ್ರ ಬಿಚ್ಚಿ, ಸರಳಿನ ಫೋಟೋ ಕಳಿಸಿದೆ. ಆಮೇಲೆ "ನಿಮ್ಮ ಮೀಟರ್ ಅಗ್ಗದ್ದು ಇರಬೇಕು". ಬೇರೆ ಮೀಟರಿನಲ್ಲೂ ತೋರಿಸಿದೆ. ಆಮೇಲೆ "ನಾವು ದಾರ ಕಟ್ಟಿ ನೋಡಿದೀವಿ, ಪಕ್ಕಾ ಇದೆ". ದಾರ ಕಟ್ಟಿದರೆ ಎರಡು ಚಕ್ರ ಒಂದೇ ಗೆರೆಯಲ್ಲಿ ಇವೆಯಾ ಅಂತ ಗೊತ್ತಾಗುತ್ತೆ. ಹೆಡ್‌ಸ್ಟಾಕ್ ತಿರುಚಿಕೊಂಡಿದ್ದರೆ ದಾರ ಅದನ್ನು ಹೇಳಲ್ಲ. ಜಿಗ್ ಮೇಲೆ ತೆಗೆದ ಅಳತೆಯ ಚೀಟಿ ಕೊಡಿ ಅಂದೆ. ಚೀಟಿ ಇಲ್ಲ. ಕೊನೆಗೆ ಬಂದ ಮಾತು, "ಹಳೆ ಗಾಡಿ ಅಂದ್ರೆ ಹೀಗೇ ಸರ್, ಫ್ಯಾಕ್ಟರಿಯಿಂದಲೇ ಸೊಟ್ಟ ಬರ್ತಿತ್ತು."

ಆಮೇಲೆ ಅವರೇ ಪರಿಹಾರ ಹೇಳಿದರು. ಹಿಂದೆ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿದರೆ ಹ್ಯಾಂಡ್ಲಿಂಗ್ ಚುರುಕಾಗುತ್ತಂತೆ, ತಿರುಚು ಗೊತ್ತೇ ಆಗಲ್ಲವಂತೆ. ಇದನ್ನು ಯಾರೂ ಕೇಳಬೇಡಿ. ಹಿಂಭಾಗ 20 ಮಿ.ಮೀ. ಎತ್ತಿದರೆ ಎರಡು ಚಕ್ರಗಳ ನಡುವೆ 1400 ಮಿ.ಮೀ. ಅಂತರ (ವೀಲ್‌ಬೇಸ್) ಇರುವ ಗಾಡಿಯಲ್ಲಿ ಹೆಡ್‌ಸ್ಟಾಕಿನ ಓರೆ 0.8 ಡಿಗ್ರಿ ಕಡಿಮೆಯಾಗುತ್ತೆ. ನನ್ನ ಗಾಡಿಯ ಲೆಕ್ಕದಲ್ಲಿ ಟ್ರೇಲ್, ಅಂದರೆ ಹ್ಯಾಂಡಲ್ ತಿರುಗುವ ಗೆರೆ ನೆಲ ಮುಟ್ಟುವ ಜಾಗಕ್ಕೂ ಮುಂದಿನ ಟೈರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ, ಸುಮಾರು 5 ಮಿ.ಮೀ. ಇಳಿಯುತ್ತೆ. ಟ್ರೇಲ್ ಇಳಿದರೆ ವೇಗದಲ್ಲಿ ಹ್ಯಾಂಡಲ್ ಇನ್ನೂ ಹಗುರ, ಇನ್ನೂ ಚಂಚಲ. ಮೊದಲೇ ತಿರುಚಿರುವ ಫ್ರೇಮಿಗೆ ಇದು ಬೇಕಾ?

ಇಷ್ಟರವರೆಗೂ ನನಗಿದ್ದದ್ದು ಬರೀ ಸಿಟ್ಟು. ಹೆದರಿಕೆ ಶುರುವಾಗಿದ್ದು ಆಮೇಲೆ. ಮತ್ತೆ ಅಳತೆ ತೆಗೆಯೋಕೆ ಬೇರಿಂಗ್ ಕಪ್ ಹೊರಗೆ ತಟ್ಟುತ್ತಿದ್ದಾಗ, ಹೆಡ್‌ಸ್ಟಾಕ್ ಕೆಳಗಿನ ಜಾಯಿಂಟಿನ ಸುತ್ತ ಪೌಡರ್ ಕೂದಲೆಳೆಯಷ್ಟು ಸೀಳಿತು. ಫೋಟೋ ಕಳಿಸಿದೆ. "ಅದು ಪೇಂಟ್ ಕ್ರ್ಯಾಕ್ ಸರ್. ಲೋಹಕ್ಕೆ ಏನೂ ಆಗಿಲ್ಲ. ಟಚಪ್ ಮಾಡಿಕೊಡ್ತೀವಿ, ತನ್ನಿ." ತನ್ನಿ ಅಂದ ಆ ಅವಸರ ನೋಡಿಯೇ ನಾನು ತೆಗೆದುಕೊಂಡು ಹೋಗಲಿಲ್ಲ. ಪೇಂಟ್ ರಿಮೂವರ್ ಹಚ್ಚಿ ಆ ಜಾಗ ಪೂರ್ತಿ ಕಿತ್ತೆ.

ಮೊದಲು ಕಂಡಿದ್ದು ಕಂಚಿನ ಬೆಸುಗೆಯ ಗತಿ. ದಪ್ಪಗೆ, ಅಗಲವಾಗಿ, ಅಲೆಅಲೆಯಾಗಿ ಇದ್ದ ಬೆಸುಗೆಯನ್ನು ಗ್ರೈಂಡರ್ ಹಿಡಿದು ಸಪಾಟು ಮಾಡಿದ್ದರು. ನುಣ್ಣಗೆ ಕಾಣಲಿ ಅಂತ. ಶಕ್ತಿ ಇದ್ದದ್ದೇ ಅಲ್ಲಿ ಅಂತ ಆಗಲೇ ಹೇಳಿದೆನಲ್ಲ. ಗ್ರೈಂಡರ್ ಕೊಳವೆಯನ್ನೂ ತಿಂದಿತ್ತು, 1.6 ಮಿ.ಮೀ. ಗೋಡೆಯಲ್ಲಿ ಹಳ್ಳ ಬಿದ್ದಿತ್ತು. ನಾನು ಮೊದಲು ನೋಡಿದ್ದ ಆ ಗೆರೆ ಬಿರುಕೇ ಆಗಿತ್ತು. ಅದರ ಮೇಲೆ, ಕಂಚು ಇನ್ನೂ ಅಲ್ಲೇ ಇರುವಾಗ, ಟಿಗ್ ವೆಲ್ಡಿಂಗ್ ಎಳೆದಿದ್ದರು!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟಿಗ್ ಅನ್ನುವ ವಿದ್ಯುತ್ ವೆಲ್ಡಿಂಗ್ ಉಕ್ಕನ್ನೇ ಕರಗಿಸುತ್ತೆ, ಸುಮಾರು 1500 ಡಿಗ್ರಿ. ಆ ಶಾಖಕ್ಕೆ ಪಕ್ಕದಲ್ಲಿರುವ ಕಂಚು ನೀರಾಗಿ, ಅದರ ತಾಮ್ರ ಬಿಸಿ ಉಕ್ಕಿನ ಕಣಗಳ ಸಂದಿಗೆ ಇಳಿಯುತ್ತೆ. ಉಕ್ಕು ಒಳಗಿನಿಂದಲೇ ಬಿರಿಯುತ್ತೆ. ಮೇಲಿಂದ ಮೇಲೆ ವೆಲ್ಡ್ ಹಾಕಿದಷ್ಟೂ ಹೊಸ ಬಿರುಕು. ಅದೂ ಅಲ್ಲದೆ 531 ಕೊಳವೆ ಕಂಚಿನ ಬೆಸುಗೆಯಂಥ ಬ್ರೇಜಿಂಗಿಗೆ ಅಂತಲೇ ಇರೋದು, ವೆಲ್ಡ್ ಮಾಡಿದರೆ ವೆಲ್ಡಿನ ಅಂಚು ಗಡುಸಾಗಿ ಸೀಳುತ್ತೆ. ಹಳೆಯ ರೇಸ್ ಫ್ರೇಮ್ ಮುಟ್ಟುವ ಯಾರಿಗಾದರೂ ಇದು ಮೊದಲ ಪಾಠ. ನಾನೇ ಡೈ ಟೆಸ್ಟ್ ಮಾಡಿದೆ. ಕೆಂಪು ಡೈ ಹಚ್ಚಿ, ಕಾದು, ಒರೆಸಿ, ಬಿಳಿ ಡೆವಲಪರ್ ಹೊಡೆದೆ. ಬಿಳಿಯ ಮೇಲೆ ಕೆಂಪು ಗೆರೆ ಒಂದಲ್ಲ, ಜಾಯಿಂಟಿನ ಅರ್ಧ ಸುತ್ತು ಹರಡಿತು. ನೋಡುತ್ತಾ ಅಲ್ಲೇ ಕೂತುಬಿಟ್ಟೆ. ಈ ಫ್ರೇಮಿನ ಮೇಲೆ ಕೂತು ನಾನು ರೇಸ್ ಟ್ರ್ಯಾಕಿಗೆ ಹೋಗುವವನಿದ್ದೆ.

ಕೆಳಗಿನ ಕೊಳವೆಯ ನೆಗ್ಗಿನಲ್ಲಿ ಪುಟ್ಟಿ ಸಿಕ್ಕಿತು. ಪೌಡರ್ ಒವನ್ 180ರಿಂದ 200 ಡಿಗ್ರಿ ಇರುತ್ತೆ, ಪುಟ್ಟಿ ನಿಲ್ಲಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಲೋಹದ ಪುಡಿ ಬೆರೆಸಿದ, ಆ ಬಿಸಿ ತಡೆಯುವ ಪುಟ್ಟಿ ಇದೆ. ಕೀವು ತುಂಬಿದ ಗಾಯಕ್ಕೆ ಬಿಳಿ ಬಟ್ಟೆ ಸುತ್ತಿ ಕಳಿಸಿದ ಹಾಗೆ ಕಳಿಸಿದ್ದರು. ಹೆಡ್ ಸ್ಟೆಡಿ ಹಿಡಿಯುವ ಬ್ರಾಕೆಟ್ಟನ್ನೂ ಕತ್ತರಿಸಿ ಎಸೆದಿದ್ದರು. ಫೆದರ್‌ಬೆಡ್ಡಿನಲ್ಲಿ ಎಂಜಿನ್ ತಲೆಯಿಂದ ಹೆಡ್‌ಸ್ಟಾಕಿಗೆ ಹೋಗುವ ಆ ಪಟ್ಟಿ ಅಲಂಕಾರ ಅಲ್ಲ, ಅದು ಇಲ್ಲದಿದ್ದರೆ ಇದೇ ಜಾಯಿಂಟಿನ ಮೇಲೆ ಭಾರ ಬೀಳುತ್ತೆ. ಯಾಕೆ ಕತ್ತರಿಸಿದಿರಿ ಅಂದರೆ "ಲುಕ್ ಕ್ಲೀನ್ ಬರುತ್ತೆ ಅಂತ".

ಎಲ್ಲ ಫೋಟೋ ಕಳಿಸಿ ಕೊನೆಯ ಸಲ ಮಾತಾಡಿದೆ. ಡೈ ಟೆಸ್ಟ್ ಮಾಡಿದ್ದೀರಿ ಅಂದಿರಲ್ಲ, ಎಲ್ಲಿ ಮಾಡಿದಿರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಅಂದಿದ್ದನ್ನು ಹಾಗೇ ಬರೆಯುತ್ತೇನೆ.

"ಸರ್, ನೀವು ಇದನ್ನ ಓಡಿಸ್ತೀರಾ? ಶೋಗೆ ಇಡ್ತೀರ ಅಂದ್ಕೊಂಡ್ವಿ. ಓಡಿಸ್ತೀನಿ ಅಂತ ಮೊದಲೇ ಹೇಳಬೇಕಿತ್ತು."

ಓಡಿಸುವುದಕ್ಕೆ ಅಂತ ಪಟ್ಟಿಯ ಮೊದಲ ಸಾಲಿನಲ್ಲೇ ಬರೆದಿತ್ತು. ಪಟ್ಟಿಯ ಫೋಟೋ ಕಳಿಸಿದೆ. ಅದಕ್ಕೆ ಬಂದ ಉತ್ತರ, "ನೀವು ಕೋಟಿಂಗ್ ಕಿತ್ತಿದ್ದೀರ, ಈಗ ವಾರಂಟಿ ಇಲ್ಲ." ಬಿರುಕು ಮುಚ್ಚಿದವರು ಅವರು. ಅದನ್ನು ತೆರೆದು ನೋಡಿದ್ದಕ್ಕೆ ವಾರಂಟಿ ಇಲ್ಲವಂತೆ. ಅಲ್ಲಿಗೆ ನನ್ನ ನಂಬರ್ ಬ್ಲಾಕ್ ಮಾಡಿದರು.

ಈಗ ಬೇರೆಯವರ ಹತ್ತಿರ ಫ್ರೇಮ್ ಇದೆ. ಅವರು ಬರಿ ಲೋಹ ನೋಡದೆ ಏನೂ ಹೇಳಲ್ಲ ಅಂದರು, ಅಲ್ಲೇ ಸ್ವಲ್ಪ ನಂಬಿಕೆ ಬಂತು. ಕೆಟ್ಟ ಭಾಗವನ್ನು ಪೂರ್ತಿ ಕತ್ತರಿಸಿ, ಹೊಸ ಕೊಳವೆ ಹಾಕಿ, ಜಿಗ್ ಮೇಲೆ ಮತ್ತೆ ಕಂಚಿನ ಬೆಸುಗೆ ಹಾಕಬೇಕು. ತಾಮ್ರ ಇಳಿದ ಉಕ್ಕನ್ನು ಉಳಿಸಿಕೊಳ್ಳೋಕೆ ಆಗಲ್ಲ. ಮೊದಲಿದ್ದದ್ದು ಒಂದು ಸಣ್ಣ ಬಿರುಕು. ಸರಿಯಾಗಿ ಮಾಡಿದ್ದರೆ ಚಿಕ್ಕ ಕೆಲಸ. ಹಣ ವಾಪಸ್ ಬಂದಿಲ್ಲ, ಬರುತ್ತೆ ಅನ್ನುವ ಆಸೆಯೂ ಇಲ್ಲ.

ಕೊಡುವ ಮುಂಚೆ ಪ್ರತಿ ಜಾಯಿಂಟಿನ ಫೋಟೋ ಹತ್ತಿರದಿಂದ ತೆಗೆದುಕೊಳ್ಳಿ. ಫ್ರೇಮ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ. ಜಿಗ್ ತೋರಿಸಿ ಅನ್ನಿ, ತೋರಿಸದಿದ್ದರೆ ಎದ್ದು ಬನ್ನಿ. ಬಣ್ಣದ ಕೆಲಸವನ್ನು ಅವರಿಗೆ ಕೊಡಲೇಬೇಡಿ, ಬರಿ ಫ್ರೇಮ್ ಮನೆಗೆ ತಂದು, ನೋಡಿ, ಬೇರೆ ಕಡೆ ಹೊಡೆಸಿ. ಬಾಕಿ ಹಣ ಬರಿ ಲೋಹ ನೋಡಿದ ಮೇಲೆ ಮಾತ್ರ. "ಟಿಗ್ ಹಾಕ್ತೀವಿ, ಜಾಸ್ತಿ ಗಟ್ಟಿ" ಅಂತ ಯಾರಾದರೂ ಕಂಚಿನ ಜಾಯಿಂಟ್ ತೋರಿಸಿ ಹೇಳಿದರೆ ಆ ಕ್ಷಣವೇ ಫ್ರೇಮ್ ಎತ್ತಿಕೊಂಡು ಹೊರಡಿ.

ಈಗಾಗಲೇ ಇಂಥ ಕಡೆ ಮಾಡಿಸಿ, ಹೊಳೆಯುವ ಫ್ರೇಮಿನ ಮೇಲೆ ಓಡಾಡುತ್ತಿರುವವರಿಗೆ ಒಂದು ಮಾತು. ರಿಪೇರಿ ಆದ ಜಾಯಿಂಟನ್ನು ನೀವು ಬರಿ ಲೋಹದಲ್ಲಿ ನೋಡಿಲ್ಲ ಅಂದರೆ ಇವತ್ತೇ ಗಾಡಿ ನಿಲ್ಲಿಸಿ. ಹೆಡ್‌ಸ್ಟಾಕ್ ಕೆಳಗೆ ಬಣ್ಣ ಕಿತ್ತು ಡೈ ಹಚ್ಚಿ. ಟಚಪ್ ಆಮೇಲೆ ಮಾಡಿಸಬಹುದು.